ದರೆಯ ಮೇಲಿನ ಸೊಪ್ಪು

ಇಂಗ್ಲೆಂಡಿನ ಡೆವನ್‌ನ ಹಳ್ಳಿ ರಸ್ತೆಗಳಿಗೆ ಎರಡೂ ಕಡೆ ದರೆ. ನಮ್ಮ ತೀರ್ಥಹಳ್ಳಿ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ಚಿತ್ರ ಕಣ್ಣಿಗೆ ಕಟ್ಟುತ್ತದೆ. ಉಳಿದವರಿಗೆ ಬಿಡಿಸಿ ಹೇಳುತ್ತೇನೆ: ಆಳೆತ್ತರದ ಮಣ್ಣು ಕಲ್ಲಿನ ದಿಬ್ಬ, ಅದರ ನೆತ್ತಿಯ ಮೇಲೆ ಒತ್ತಾಗಿ ಬೆಳೆದ ಮರಗಿಡ, ನಡುವೆ ಒಂದೇ ಕಾರು ಹಿಡಿಸುವ ದಾರಿ. ಎದುರಿಗೆ ಟ್ರ್ಯಾಕ್ಟರ್ ಬಂತೋ, ಅರ್ಧ ಫರ್ಲಾಂಗು ಹಿಂದಕ್ಕೆ ಹೋಗಬೇಕು. ಇಲ್ಲಿನವರು ಇದಕ್ಕೆ ಹೆಜ್ ಅನ್ನುತ್ತಾರೆ. ಬೇಲಿ ಎಂದು ಕನ್ನಡಿಸಿದರೆ ಅದರ ವಯಸ್ಸಿಗೆ ಅವಮಾನ. ಕೆಲವು ಏಳೆಂಟು ನೂರು ವರ್ಷದಷ್ಟು ಹಳೆಯವು. ಮ್ಯಾಕ್ಸ್ ಹೂಪರ್ ಎಂಬ ವಿಜ್ಞಾನಿಯ ಒಂದು ಸ್ಥೂಲ ಲೆಕ್ಕವಿದೆ. 30 ಗಜ ಉದ್ದದಲ್ಲಿ ಎಷ್ಟು ಜಾತಿಯ ಮರಗಿಡ ಇವೆಯೋ ಅಷ್ಟು ನೂರು ವರ್ಷ ಎಂದು. ನಮ್ಮ ಮನೆ ಹಿಂದಿನ ದರೆಯಲ್ಲಿ ನಾನು ಆರು ಎಣಿಸಿದ್ದೇನೆ. ನಮ್ಮನೆಯವರು ಐದೇ ಅನ್ನುತ್ತಾರೆ.

ಮಾರ್ಚ್ ಬಂತೆಂದರೆ ಈ ದರೆಯ ಬುಡದಲ್ಲಿ ನೆಟಲ್ ಚಿಗುರುತ್ತದೆ. ನಮ್ಮ ತುರಿಕೆ ಗಿಡದ ಚಾಳಿಯೇ ಇದಕ್ಕೂ. ಎಲೆಯ ಮೇಲಿನ ಒಂದೊಂದು ರೋಮವೂ ಗಾಜಿನ ಸೂಜಿ ಇದ್ದಂತೆ. ಮುಟ್ಟಿದರೆ ತುದಿ ಮುರಿದು ಒಳಗಿನ ರಸ ಚರ್ಮಕ್ಕೆ ಇಳಿಯುತ್ತದೆ. ಆಮೇಲೆ ಅರ್ಧ ದಿನ ಕೈ ಉರಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ತುದಿಯ ನಾಲ್ಕೆಂಟು ಎಲೆ ಮಾತ್ರ ಚಿವುಟಬೇಕು, ಅದೂ ನಾಯಿ ಕಾಲೆತ್ತುವ ಎತ್ತರಕ್ಕಿಂತ ಮೇಲಿನದು. ಕುದಿಯುವ ನೀರಿಗೆ ಒಂದು ನಿಮಿಷ ಹಾಕಿದರೆ ಅದರ ಸೊಕ್ಕೆಲ್ಲ ಇಳಿದುಹೋಗುತ್ತದೆ. ಇಲ್ಲಿಯವರು ಆಲೂಗಡ್ಡೆ ಸೇರಿಸಿ ಸೂಪ್ ಮಾಡುತ್ತಾರೆ. ನಾನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜತೆ ಬಾಡಿಸಿ, ಫ್ರೀಜರ್‌ನ ಕಾಯಿತುರಿ ಹಾಕಿ ರುಬ್ಬಿ, ಮೊಸರು ಕಡೆದು ಬೆರೆಸಿ ತಂಬುಳಿ ಮಾಡುತ್ತೇನೆ. ಒಂದೆಲಗದ ತಂಬುಳಿಗಿಂತ ಬಣ್ಣ ಗಾಢ, ರುಚಿಯಲ್ಲಿ ಸ್ವಲ್ಪ ಮಣ್ಣಿನ ವಾಸನೆ. ಬಿಸಿ ಅನ್ನಕ್ಕೆ ಮಾತ್ರ ಎರಡು ಮಾತಿಲ್ಲ. ಹೂ ಬಿಟ್ಟ ಮೇಲೆ ಈ ಎಲೆ ತಿನ್ನಬಾರದು, ಒಳಗೆ ಮರಳಿನಂಥ ಸಣ್ಣ ಹರಳು ಕಟ್ಟಿಕೊಂಡಿರುತ್ತದೆ.

ವಿಡಿಯೋ ಕಾಲ್‌ನಲ್ಲಿ ಬಟ್ಟಲು ತೋರಿಸಿದೆ. "ಎಂತ ಮಾರಾಯ್ತಿ, ದನ ಮೂಸದ ಸೊಪ್ಪನ್ನ ಮನುಷ್ಯರು ತಿನ್ನೂದಾ?" ಅಂದಳು ಅಮ್ಮ. ಮರುದಿನ ತಾನೇ ಫೋನ್ ಮಾಡಿ, ಒಗ್ಗರಣೆಗೆ ಒಣಮೆಣಸು ಹಾಕಿದ್ದೆಯಾ ಎಂದು ಕೇಳಿದಳು.

ಊರಲ್ಲಿದ್ದಾಗ ನನಗೆ ಗಿಡಗಳ ಗುರುತು ಅಷ್ಟಕ್ಕಷ್ಟೇ. ನೆಗಡಿಯಾದರೆ ಲಕ್ಕಿ ಸೊಪ್ಪಿನ ಹಬೆ, ಕೆಮ್ಮಿಗೆ ದೊಡ್ಡಪತ್ರೆ ರಸ, ಜ್ವರಕ್ಕೆ ಅಮೃತಬಳ್ಳಿ ಕಷಾಯ. ತರುವವಳು ಅಮ್ಮ, ಮೂಗು ಮುಚ್ಚಿಕೊಂಡು ಕುಡಿಯುವವಳು ನಾನು. ಇಲ್ಲಿ ತಂದುಕೊಡುವವರಿಲ್ಲ ಎಂದಾದಾಗಲೇ ಎಲೆಯ ಅಂಚು, ಕಾಂಡದ ರೋಮ ನೋಡುವುದನ್ನು ಕಲಿತದ್ದು. ಕಲಿಸಿದವರು ಪಕ್ಕದ ಮನೆಯ ಅಜ್ಜಿ. ಅವರಿಗೆ 78 ವರ್ಷ. ಊರಿಗೆ ಊರೇ ಅವರನ್ನು ಹೆಸರು ಹಿಡಿದು ಕರೆಯುತ್ತದೆ. ನನಗೆ ಬಾಯಿ ಬಾರದೆ, ಐದು ವರ್ಷದಿಂದ ಏನೂ ಕರೆಯದೆಯೇ ಮಾತಾಡಿಸುತ್ತಿದ್ದೇನೆ.

ಪಾಠ ಶುರುವಾದದ್ದು ನನ್ನ ತಪ್ಪಿನಿಂದ. ಎರಡನೇ ವರ್ಷದ ಏಪ್ರಿಲ್, ನೆಟಲ್ ತಂಬುಳಿಯ ಹುಮ್ಮಸ್ಸು. ದರೆಯ ತಂಪಿನ ಮೂಲೆಯಲ್ಲಿ ಕ್ಯಾರೆಟ್ ಸೊಪ್ಪಿನಂಥದ್ದು ಸೊಂಪಾಗಿ ಬೆಳೆದಿತ್ತು. ಫೋನಿನಲ್ಲಿ ತೋರಿಸಿದರೆ ಅಮ್ಮ, "ಕೊತ್ತಂಬರಿ ಜಾತಿದೇ ಕಾಣ್ತದೆ" ಎಂದಳು. ಒಂದು ಹಿಡಿ ಕಿತ್ತುಕೊಂಡು ಗೇಟಿನ ಹತ್ತಿರ ಬಂದೆ. ಅಜ್ಜಿ ಎಂದೂ ದನಿ ಎತ್ತಿದವರಲ್ಲ. ಅವತ್ತು ಕೂಗಿಯೇ ಬಿಟ್ಟರು: ಅದನ್ನು ಕೆಳಗೆ ಹಾಕು, ಮೊದಲು ಕೈ ತೊಳೆದು ಬಾ. ತೊಳೆದು ಬಂದ ಮೇಲೆ ಕಾಂಡದ ಮೇಲಿದ್ದ ನೇರಳೆ ಚುಕ್ಕೆ ತೋರಿಸಿದರು. ಹೆಮ್ಲಾಕ್. ಕ್ರಿ.ಪೂ. 399ರಲ್ಲಿ ಸಾಕ್ರಟೀಸನಿಗೆ ಕುಡಿಸಿದ ವಿಷ. ಅಮ್ಮ ಹೇಳಿದ್ದೂ ಸುಳ್ಳಲ್ಲ ಎಂಬುದೇ ತಮಾಷೆ. ಕೊತ್ತಂಬರಿ, ಜೀರಿಗೆ, ಓಮ, ಸೋಂಪು ಎಲ್ಲ ಒಂದೇ ಮನೆತನ, ಅದೇ ಮನೆಯ ಕೊಲೆಗಡುಕ ಇದು. ಅಲ್ಲಿಂದ ಇಲ್ಲಿಯವರೆಗೆ, ಕೊಡೆಯಂತೆ ಬಿಳಿ ಹೂ ಬಿಡುವ ಆ ಮನೆತನದ ಯಾವ ಕಾಡುಗಿಡವನ್ನೂ ನಾನು ಮುಟ್ಟಿಲ್ಲ.

ಇನ್ನೊಂದು ಗಿಡದ ವಿಷಯ ಮನೆಗೇ ತಾಗುವಂಥದ್ದು. ಜೂನ್‌ನಲ್ಲಿ ಡೆವನ್‌ನ ದರೆ ತುಂಬ ಫಾಕ್ಸ್‌ಗ್ಲೋವ್ ಹೂ, ನೇರಳೆ ಗಂಟೆಗಳನ್ನು ಸಾಲಾಗಿ ತೂಗುಹಾಕಿದ ಹಾಗೆ. ಹೂವಿಲ್ಲದಾಗ ಅದರ ಎಲೆ ಕಾಂಫ್ರಿ ಎಂಬ ಇನ್ನೊಂದು ಗಿಡದ ಎಲೆಯಂತೆಯೇ ಕಾಣುತ್ತದೆ. ಕಾಂಫ್ರಿಯನ್ನು ಹಿಂದೆ ಮೂಳೆ ಮುರಿದವರಿಗೆ ಕಟ್ಟುತ್ತಿದ್ದರಂತೆ. ಹೊಟ್ಟೆಗೆ ತೆಗೆದುಕೊಂಡರೆ ಅದೂ ಯಕೃತ್ತಿಗೆ ಕೆಟ್ಟದ್ದೇ. ಕಾಂಫ್ರಿ ಎಂದು ತಿಳಿದು ಫಾಕ್ಸ್‌ಗ್ಲೋವ್ ಎಲೆಯನ್ನು ಚಹಾ ಮಾಡಿ ಕುಡಿದವರ ಹೃದಯದ ಬಡಿತವೇ ತಪ್ಪುತ್ತದೆ. ಹಾಗೆಂದು ಇದು ಬರೀ ವಿಷವೂ ಅಲ್ಲ. ವಿಲಿಯಂ ವಿದರಿಂಗ್ ಎಂಬ ವೈದ್ಯರಿಗೆ, ಶ್ರಾಪ್‌ಶೈರ್‌ನ ಒಬ್ಬ ಮುದುಕಿ ಮೈ ಬಾತವರಿಗೆ ಕೊಡುತ್ತಿದ್ದ ಗುಟ್ಟಿನ ಕಷಾಯ ಪರೀಕ್ಷೆಗೆ ಬಂತು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸೊಪ್ಪು. ಕೆಲಸ ಮಾಡುತ್ತಿರುವುದು ಫಾಕ್ಸ್‌ಗ್ಲೋವ್ ಒಂದೇ ಎಂದು ಅವರು ಪತ್ತೆ ಹಚ್ಚಿ, ವರ್ಷಗಟ್ಟಲೆ ರೋಗಿಗಳ ಮೇಲೆ ಪ್ರಮಾಣ ನೋಡಿ, 1785ರಲ್ಲಿ ಪುಸ್ತಕ ಬರೆದರು. ಆ ಮುದುಕಿಯ ಹೆಸರನ್ನು ಮಾತ್ರ ಬರೆಯಲಿಲ್ಲ. ನನಗೆ ಅದು ಇವತ್ತಿಗೂ ಸಿಟ್ಟು.

ಇದೇ ಗಿಡದ ದಾಯಾದಿಯಿಂದ ಬರುವುದು ಡಿಗಾಕ್ಸಿನ್ ಎಂಬ ಹೃದಯದ ಮದ್ದು. ನಮ್ಮ ಅಪ್ಪಯ್ಯ ನುಂಗುವ ಪುಟ್ಟ ಬಿಳಿ ಮಾತ್ರೆ. ವಾರಕ್ಕೆ ಐದೇ ದಿನ, ಶನಿವಾರ ಭಾನುವಾರ ರಜೆ. ಅದೇಕೆ ಹೃದಯಕ್ಕೂ ವೀಕೆಂಡ್ ಎಂದು ನಾವು ನಗುತ್ತಿದ್ದೆವು. ಮದ್ದಿಗೂ ವಿಷಕ್ಕೂ ನಡುವಿನ ಅಂತರ ಅಷ್ಟು ಸಣ್ಣದು ಎಂದು ಅರ್ಥವಾದದ್ದು ಈ ದರೆಯ ಪಕ್ಕ ನಿಂತಾಗ.

ಶರತ್ಕಾಲ ಬಂದರೆ ಕೆಲಸ ಸಲೀಸು. ಎಲ್ಡರ್ ಮರದ ಕರಿ ಹಣ್ಣನ್ನು ಫೋರ್ಕಿನಿಂದ ತೊಟ್ಟು ಬಿಡಿಸಿ, ಹಸಿಯಾಗಿ ಬಾಯಿಗೆ ಹಾಕದೆ, ಚೆನ್ನಾಗಿ ಕುದಿಸಿ ಸೋಸಿ, ಸಕ್ಕರೆ, ಲವಂಗ, ಶುಂಠಿ ಹಾಕಿ ಪಾಕ ಮಾಡಿಟ್ಟರೆ ಚಳಿಗಾಲದ ಗಂಟಲಿಗೆ ಹಿತ. ನೆಗಡಿ ಬೇಗ ಹೋಗುತ್ತದೆಂದು ನಾನು ಹೇಳುವುದಿಲ್ಲ. ಕಾಡುಗುಲಾಬಿಯ ಕೆಂಪು ಕಾಯಿ, ರೋಸ್‌ಹಿಪ್, ಇದೆಯಲ್ಲ, ಅದಕ್ಕೆ ಇತಿಹಾಸವೇ ಇದೆ. ಎರಡನೇ ಮಹಾಯುದ್ಧದಲ್ಲಿ ಕಿತ್ತಳೆ ಹಡಗು ಬರುವುದು ಕಷ್ಟವಾದಾಗ, ವಿಟಮಿನ್ ಸಿ ಬೇಕೆಂದು 1941ರಿಂದ ಸರ್ಕಾರವೇ ಜನರಿಂದ ಇದನ್ನು ಕೊಯ್ಯಿಸಿತು. ಶಾಲೆ ಮಕ್ಕಳು ಬೇಲಿ ಬೇಲಿ ಅಲೆದು ನೂರಾರು ಟನ್ ಕೂಡಿಹಾಕಿದರು. ಯುದ್ಧ ಮುಗಿದ ಮೇಲೆ ಹುಟ್ಟಿದ ಪಕ್ಕದ ಮನೆಯ ಅಜ್ಜಿಗೂ ಚಮಚದಲ್ಲಿ ಕುಡಿಸಿದ್ದರಂತೆ. ಕಾಯಿಯೊಳಗಿನ ಸಣ್ಣ ರೋಮ ಗಂಟಲು ಕೆರೆಯುತ್ತದೆ, ಅದಕ್ಕೆ ಬಟ್ಟೆಯಲ್ಲಿ ಎರಡು ಸಲ ಸೋಸಬೇಕು. ಅದೇ ರೋಮವನ್ನು ಗೆಳತಿಯರ ಬೆನ್ನಿಗೆ ಸುರಿಯುತ್ತಿದ್ದೆವು ಎಂದು ಅಜ್ಜಿ ಹೇಳಿದಾಗ, ನಾನು ಮೈ ತುರಿಸುವ ನಮ್ಮೂರ ನಸುಗುನ್ನಿ ಕಾಯಿಯ ಕಥೆ ಹೇಳಿದೆ. ಅವತ್ತು ಇಬ್ಬರೂ ಪಾಕ ತಳ ಹಿಡಿಯುವಷ್ಟು ನಕ್ಕೆವು.

ಕದ್ದಂತಾಗುವುದಿಲ್ಲವೇ ಎಂದು ಅಮ್ಮ ಕೇಳುತ್ತಿರುತ್ತಾಳೆ. ಇಲ್ಲ. ಇಲ್ಲಿನ 1968ರ ಕಳ್ಳತನದ ಕಾಯ್ದೆಯಲ್ಲೇ, ಕಾಡುಗಿಡದ ಹೂ, ಹಣ್ಣು, ಎಲೆಯನ್ನು ಮಾರುವ ಉದ್ದೇಶವಿಲ್ಲದೆ ಕೊಯ್ದರೆ ಕಳವಲ್ಲ ಎಂದಿದೆ. ಜಾಗದವರನ್ನು ಕೇಳದೆ ಬೇರುಸಹಿತ ಕೀಳುವಂತಿಲ್ಲ, ಅಷ್ಟೆ.

ಕಳೆದ ಜೂನ್‌ನಲ್ಲಿ ಅಪ್ಪಯ್ಯನಿಗೆ ಫೋನಿನಲ್ಲಿ ಫಾಕ್ಸ್‌ಗ್ಲೋವ್ ತೋರಿಸಿದೆ. ನಿಮ್ಮ ಮಾತ್ರೆಯ ಸಂಬಂಧಿಕರು ಇವರು ಎಂದೆ. ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು. ಒಂದು ಹೂವಿನೊಳಗೆ ದುಂಬಿ ನುಗ್ಗಿ ಹಿಂದುಮುಂದಾಗಿ ಹೊರಬರುತ್ತಿತ್ತು.

"ಚೆಂದ ಇದೆ," ಅಂದರು. "ನೀನು ಮುಟ್ಟಬೇಡ."