ಗುಳ್ಳೆ ಇಲ್ಲದ ದಿನಗಳು

ಜನನಾಂಗದ ಹರ್ಪಿಸ್ ಇದೆ ಎಂದು ಹೇಳಿದರೆ ಎದುರಿನವರು ಮೊದಲು ಕೇಳುವುದು, "ಈಗಲೂ ಇದೆಯಾ?" ಅವರ ಮನಸ್ಸಿನಲ್ಲಿ ಇರುವುದು ಗುಳ್ಳೆ. ವರ್ಷದ ಬಹುಪಾಲು ದಿನ ನನ್ನ ಮೈಮೇಲೆ ಒಂದು ಗುಳ್ಳೆಯೂ ಇರುವುದಿಲ್ಲ. ವೈರಸ್ ಮಾತ್ರ ಬೆನ್ನುಮೂಳೆಯ ಬುಡದ ನರಗಂಟುಗಳಲ್ಲಿ ಸದಾ ಬೀಡುಬಿಟ್ಟಿರುತ್ತದೆ. ಆಗಾಗ ನರದ ದಾರಿಯಲ್ಲೇ ಚರ್ಮದವರೆಗೆ ಬಂದು, ಯಾವ ಗುರುತೂ ಬಿಡದೆ ಹಿಂದಿರುಗುತ್ತದೆ. ಸೋಂಕು ಇನ್ನೊಬ್ಬರಿಗೆ ದಾಟುವುದು ಹೆಚ್ಚಾಗಿ ಇಂಥ ದಿನಗಳಲ್ಲೇ.

ಗುಳ್ಳೆ ಏಳುವ ದಿನಗಳು ಇದಕ್ಕಿಂತ ಸುಲಭ. ನನಗೆ ಮುನ್ಸೂಚನೆ ಎಡತೊಡೆಯಲ್ಲಿ ಬರುತ್ತದೆ: ಮೊದಲು ಒಂದು ಸೆಳೆತ, ಆಮೇಲೆ ಒಂದೇ ಜಾಗದಲ್ಲಿ ಚುರುಚುರು. "ಎಡಗಾಲು ಮಾತಾಡುತ್ತಿದೆ" ಎಂದರೆ ನನ್ನ ಗಂಡನಿಗೆ ಅರ್ಥವಾಗುತ್ತದೆ. ಆ ಕ್ಷಣದಿಂದ ಹಕ್ಕಳೆ ಉದುರಿ ಹೊಸ ಚರ್ಮ ಬರುವವರೆಗೆ ಸಂಭೋಗವಿಲ್ಲ, ಕಾಂಡೋಮ್ ಇದ್ದರೂ ಇಲ್ಲ. ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆ ನಿಜ, ಆದರೆ ತೊಡೆಸಂದಿಯನ್ನೂ ಪೃಷ್ಠವನ್ನೂ ಅದು ಮುಚ್ಚುವುದಿಲ್ಲವಲ್ಲ.

ಏನೂ ಕಾಣದ ದಿನಗಳಿಗಾಗಿ ನಾನು ವೈರಸ್ಸನ್ನು ಹತ್ತಿಕ್ಕುವ ವ್ಯಾಲಸೈಕ್ಲೋವಿರ್ ಮಾತ್ರೆಯನ್ನು ದಿನಕ್ಕೊಂದು ನುಂಗುತ್ತೇನೆ, 500 ಮಿಲಿಗ್ರಾಂನದು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಬ್ಬರಿಗಷ್ಟೇ ಟೈಪ್ 2 (ಹರ್ಪಿಸ್ ವೈರಸ್ಸಿನ ಎರಡು ಬಗೆಗಳಲ್ಲಿ ಹೆಚ್ಚಾಗಿ ಜನನಾಂಗಕ್ಕೆ ತಗುಲುವುದು) ಸೋಂಕಿದ್ದ 1,484 ಜೋಡಿಗಳನ್ನು ಎಂಟು ತಿಂಗಳು ಗಮನಿಸಿದ್ದರು. ಹುಸಿಮಾತ್ರೆ ನುಂಗಿದವರ ಸಂಗಾತಿಗಳಲ್ಲಿ ಶೇ. 3.6ರಷ್ಟು ಜನರಿಗೆ ಸೋಂಕು ತಗುಲಿತು, ನಿಜವಾದ ಮಾತ್ರೆ ನುಂಗಿದವರ ಸಂಗಾತಿಗಳಲ್ಲಿ ಶೇ. 1.9ರಷ್ಟು ಜನರಿಗೆ. ಸುಮಾರು ಅರ್ಧಕ್ಕೆ ಇಳಿಯಿತು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಕಣ್ಣು ಹೋದದ್ದು ಬೇರೆ ಕಡೆಗೆ. ಆ ಜೋಡಿಗಳಲ್ಲಿ ಇಬ್ಬರಿಗೂ ವಿಷಯ ಗೊತ್ತಿತ್ತು. ಕೈಗೆ ಕಾಂಡೋಮ್ ಕೊಟ್ಟು, ಸುರಕ್ಷಿತ ಲೈಂಗಿಕತೆಯ ಬಗ್ಗೆ ತಿಳಿಹೇಳಿದ್ದರು. ಹುಸಿಮಾತ್ರೆಯವರ ಅಂಕಿಯೂ ಅಷ್ಟು ಕಡಿಮೆ ಇರುವುದರಲ್ಲಿ ಈ ಅರಿವಿನ ಪಾಲೂ ಇದೆ ಎಂದು ನಾನು ನಂಬುತ್ತೇನೆ. ಸಂಗಾತಿಗೆ ಹೇಳದೆ ಗುಟ್ಟಾಗಿ ಮಾತ್ರೆ ನುಂಗಿದರೆ ಸಾಕೆಂದು ವಾದಿಸುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಹೇಳುವುದಾದರೆ ಬಟ್ಟೆ ಮೈಮೇಲಿರುವಾಗಲೇ ಹೇಳಬೇಕು. ಹಾಸಿಗೆಯಲ್ಲಿ ಹೇಳಿದರೆ ಬೇಡ ಎನ್ನುವ ಸ್ವಾತಂತ್ರ್ಯ ಹೆಸರಿಗಷ್ಟೇ ಉಳಿಯುತ್ತದೆ. ನಾನು ಅಳುವುದಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ. "ನನಗೆ ಟೈಪ್ 2 ಹರ್ಪಿಸ್ ಇದೆ. ದಿನವೂ ಮಾತ್ರೆ ತೆಗೆದುಕೊಳ್ಳುತ್ತೇನೆ. ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಯೋಚಿಸಿ ಹೇಳು, ಇವತ್ತೇ ಹೇಳಬೇಕಾಗಿಲ್ಲ." ಹೀಗೆ ಹೇಳಿದ ಮೇಲೆ ಒಬ್ಬರು ಮರ್ಯಾದೆಯಿಂದಲೇ ದೂರವಾದರು. ನೋವಾಯಿತು, ಆದರೆ ಅದು ಅವರ ಹಕ್ಕು.

ಈಗ ಗಂಡನಾಗಿರುವವನು ರಕ್ತಪರೀಕ್ಷೆ ಮಾಡಿಸಿಕೊಂಡು ಬಂದ. (ಮಾಡಿಸುವುದಾದರೆ ಟೈಪ್ ಬೇರ್ಪಡಿಸಿ ತೋರಿಸುವ ಐಜಿಜಿ ಪರೀಕ್ಷೆಯನ್ನೇ ಮಾಡಿಸಿ; ಐಜಿಜಿ, ಐಜಿಎಂ ಎರಡೂ ಪ್ರತಿಕಾಯಗಳು, ಅಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ರಕ್ಷಕ ವಸ್ತುಗಳು. ಐಜಿಎಂ ಫಲಿತಾಂಶವನ್ನು ನಂಬಿ ಕೂರಬೇಡಿ.) ಅವನಿಗೆ ಟೈಪ್ 2 ಇರಲಿಲ್ಲ, ಟೈಪ್ 1 ಇತ್ತು. ತುಟಿಯ ಮೇಲೆ ಆಗಾಗ ಏಳುತ್ತಿದ್ದ ಗುಳ್ಳೆಗಳನ್ನು ಅವನು ಜ್ವರದ ಗುಳ್ಳೆ ಎಂದುಕೊಂಡಿದ್ದ. ಅದೂ ಹರ್ಪಿಸ್ಸೇ. ಬಾಯಿಯಿಂದ ಜನನಾಂಗಕ್ಕೆ ದಾಟಬಲ್ಲದು. ಹಾಗಾಗಿ ಅವನ ತುಟಿಯಲ್ಲಿ ಗುಳ್ಳೆ ಎದ್ದರೆ ಮುತ್ತಿಗೂ ಮುಖರತಿಗೂ ರಜೆ. ನಿಯಮ ಒಬ್ಬಳ ತಲೆಯ ಮೇಲಷ್ಟೇ ಇದ್ದಾಗ ನಾನೊಬ್ಬಳು ರೋಗಿಯಾಗಿದ್ದೆ. ಇಬ್ಬರಿಗೂ ಹಂಚಿಹೋದ ಮೇಲೆ ಮನೆಯಲ್ಲಿ ನಗು ಹೆಚ್ಚಾಯಿತು.

ಟವೆಲ್, ಶೌಚಾಲಯದ ಆಸನಗಳ ಬಗ್ಗೆ ಕೇಳುವವರಿಗೆ: ಅವುಗಳಿಂದ ಇದು ಹರಡುವುದಿಲ್ಲ.

ಮಗು ಬೇಕೆಂದಾಗ ಕಾಂಡೋಮ್ ಬಿಡುವ ಪ್ರಶ್ನೆ ಬಂತು. ಹೆಣ್ಣಿನಿಂದ ಗಂಡಿಗೆ ದಾಟುವ ಸಾಧ್ಯತೆ ಗಂಡಿನಿಂದ ಹೆಣ್ಣಿಗೆ ದಾಟುವುದಕ್ಕಿಂತ ಕಡಿಮೆ, ಆದರೂ ಇಲ್ಲವೆಂದಲ್ಲ. ನಿರ್ಧಾರವನ್ನು ಅವನಿಗೇ ಬಿಟ್ಟೆ. ಒಂದು ವಾರ ಮೌನವಾಗಿದ್ದು, ಆಮೇಲೆ ಒಪ್ಪಿದ. ಮಗುವಿಗೆ ಹೆಚ್ಚು ಅಪಾಯ ಇರುವುದು ತಾಯಿಗೆ ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ಸೋಂಕು ತಗುಲಿದಾಗ ಎಂದು ಪ್ರಸೂತಿ ತಜ್ಞೆ ವಿವರಿಸಿದರು. ನನ್ನದು ಹಳೆಯ ಸೋಂಕು, ಪ್ರತಿಕಾಯಗಳು ಮಗುವಿಗೂ ಸಿಗುತ್ತವೆ. 36ನೇ ವಾರದಿಂದ ಮಾತ್ರೆ ತಪ್ಪಿಸುವ ಹಾಗಿಲ್ಲ. ಹೆರಿಗೆ ನೋವು ಶುರುವಾದಾಗ ಗುಳ್ಳೆಯಾಗಲಿ ಮುನ್ಸೂಚನೆಯಾಗಲಿ ಇದ್ದರೆ ಸಿಸೇರಿಯನ್. ಈಗ ನನಗೆ ಐದನೇ ತಿಂಗಳು. ಗಂಡನ ಕಳೆದ ಪರೀಕ್ಷೆಯಲ್ಲೂ ಟೈಪ್ 2 ಕಂಡುಬಂದಿಲ್ಲ.