ಒಟ್ಲು ಪೈರಿನ ಹಸಿರು

ಶ್ರೀರಂಗಪಟ್ಟಣದ ಕಡೆ ಈಗ ನಾಟಿ ಕೆಲಸ ಜೋರು. ನಾಲೆ ಏರಿ ಮೇಲೆ ಕೂತು ಬಣ್ಣ ಕಲೆಸುತ್ತಿದ್ದೇನೆ. ಒಟ್ಲು ಪೈರಿನ, ಅಂದರೆ ನಾಟಿಗೆಂದು ಒತ್ತಾಗಿ ಬೆಳೆಸಿದ ಭತ್ತದ ಸಸಿಯ ಹಸಿರು ಇದೆಯಲ್ಲ, ಅದು ಯಾವ ಟ್ಯೂಬಿನಲ್ಲೂ ಸಿಗುವುದಿಲ್ಲ. ನಿಂಬೆ ಹಳದಿಗೆ ಚೂರೇ ಚೂರು ನೀಲಿ ಬೇಕು. ಕಿತ್ತು ನಾಟಿ ಹಾಕಿದ ಮೇಲೆ ಅದೇ ಪೈರು ಕೆಲವು ದಿನ ಬಾಡಿ ಹಳದಿಗೆ ತಿರುಗುತ್ತದೆ. ಬೇರು ಹಿಡಿದ ಮೇಲೆ ಕಡುಹಸಿರು. ಆಗ ನೀಲಿ ಜಾಸ್ತಿ, ಜೊತೆಗೆ ಒಂದು ತೊಟ್ಟು ಕಾವಿ. ಫೋಟೊ ನೋಡಿ ಬರೆದರೆ ಇದು ಬರುವುದಿಲ್ಲ, ಗದ್ದೆಯೇ ಕಲಿಸಬೇಕು.

ನೀರು ನಿಂತ ಕಡೆ ಆಕಾಶ ಹೊಳೆಯುತ್ತದಲ್ಲ, ಆ ಜಾಗಕ್ಕೆ ನಾನು ಬಣ್ಣ ಮುಟ್ಟಿಸುವುದಿಲ್ಲ. ಜಲವರ್ಣದಲ್ಲಿ ಬೆಳಕು ಅಂದರೆ ಕಾಗದದ ಬಿಳುಪೇ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಕಲಾವಿದ ಹಲ್ದಣಕರ್ ಬರೆದ, ದೀಪ ಹಿಡಿದ ಹೆಣ್ಣುಮಗಳ ಚಿತ್ರ ನೋಡಿದ್ದೀರಲ್ವಾ? ಅದೂ ಜಲವರ್ಣವೇ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಸಂದಿಯಲ್ಲಿ ಕೆಂಪಗೆ ಕಾಣುವ ಬೆಳಕಿನ ಮುಂದೆ ಎಷ್ಟು ಹೊತ್ತು ನಿಂತರೂ ನನಗೆ ಸಾಲದು.

ನಾಟಿ ಹಾಕುತ್ತಿದ್ದ ಅಕ್ಕ ಒಬ್ಬರು ಬಂದು ಇಣುಕಿ, “ನಮ್ ಗದ್ದೆಗೆ ಬಿಸ್ಲು ಬಿದ್ದಂಗೇ ಐತಲ್ಲಪ್ಪ” ಅಂದರು. ಯಾವ ಪ್ರದರ್ಶನದ ಮೆಚ್ಚುಗೆಗಿಂತಲೂ ನನಗೆ ಈ ಮಾತು ದೊಡ್ಡದು.

ಚಿತ್ರ ಬರೆದು ಹೊಟ್ಟೆ ತುಂಬುತ್ತಾ ಅಂತ ಕೇಳುವವರಿದ್ದಾರೆ. ಸಂಜೆ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ, ಮನೆ ಬಾಡಿಗೆ ಅದರಲ್ಲೇ ನಡೆಯುತ್ತದೆ. ಬೆಳಗಿನ ಹೊತ್ತನ್ನು ಮಾತ್ರ ಯಾರಿಗೂ ಬಿಟ್ಟುಕೊಡುವುದಿಲ್ಲ. ಭಾನುವಾರ ಮತ್ತೆ ಇಲ್ಲಿಗೇ ಬರುತ್ತೇನೆ. ಜೊತೆಗೆ ಬರುವವರಿದ್ದರೆ ಹೇಳಿ, ಕಾಗದ, ಬಣ್ಣ ನಾನೇ ತರುತ್ತೇನೆ.