ಗೇಣಿನಿಂದ ಮೊಳಕ್ಕೆ

ಲೆಕ್ಕವೆಲ್ಲ ಸರಿಯಿತ್ತು. ಆದರೂ ನಾನು ಮನೆಯಲ್ಲೇ ಮಾಡಿದ ಟೆಸ್ಲಾ ಕಾಯಿಲಿನ (ವೋಲ್ಟೇಜ್ ತುಂಬಾ ಏರಿಸಿ ಗಾಳಿಗೆ ಕಿಡಿ ಹಾರಿಸುವ ಸಾಧನ) ಕಿಡಿ ಗೇಣುದ್ದ ದಾಟುತ್ತಿರಲಿಲ್ಲ.

ಬದಿಯಡ್ಕದ ಹತ್ತಿರ ನಮ್ಮ ಮನೆ. ತೋಟಕ್ಕೆ ತಂದ 110 ಎಂಎಂ ಪಿವಿಸಿ ಪೈಪಿನ ಒಂದು ತುಂಡು ಉಳಿದಿತ್ತು. ಅದಕ್ಕೆ ಸಪೂರ ತಾಮ್ರದ ತಂತಿ ಸಾವಿರ ಸುತ್ತು ಸುತ್ತಿ ವಾರ್ನಿಶ್ ಹೊಡೆದೆ. ಕಿಡಿ ಹೊರಡುವ ಸುರುಳಿ, ಸೆಕೆಂಡರಿ, ಆಯಿತು. ಅದರ ಬುಡದಲ್ಲಿ ತಾಮ್ರದ ಕೊಳವೆಯ ಚಪ್ಪಟೆ ಸುರುಳಿ, ಕರೆಂಟು ಮೊದಲು ಹರಿಯುವ ಪ್ರೈಮರಿ. ಕರೆಂಟಿಗೆ ಹಳೇ ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರ್: 9000 ವೋಲ್ಟ್, 30 ಮಿಲಿಆಂಪ್. ಲೆಕ್ಕದ ಪ್ರಕಾರ ಅದಕ್ಕೆ 50 ಹರ್ಟ್ಸ್‌ನಲ್ಲಿ (ಮನೆ ಕರೆಂಟಿನ ಆವರ್ತನ) ಅನುರಣಿಸುವ, ಅಂದರೆ ತಾಳ ಕೂಡಿ ವೋಲ್ಟೇಜ್ ಏರಿಸುವ, ಕೆಪಾಸಿಟರ್ ಸುಮಾರು 10.6 ನ್ಯಾನೋಫ್ಯಾರಡ್. ಸರಿಯಾಗಿ ಅಷ್ಟೇ ಹಾಕಿದರೆ ವೋಲ್ಟೇಜ್ ಮಿತಿ ಮೀರಿ ಏರಿ ಟ್ರಾನ್ಸ್‌ಫಾರ್ಮರೇ ಸುಟ್ಟೀತು. ಹಾಗಾಗಿ 15 ಹಾಕಿದ್ದೆ.

ಸಿಗ್ನಲ್ ಜನರೇಟರ್ ಕೊಟ್ಟು ಆಸಿಲೋಸ್ಕೋಪಿನಲ್ಲಿ ನೋಡಿದರೆ ಸೆಕೆಂಡರಿಯ ಆವರ್ತನ 240 ಕಿಲೋಹರ್ಟ್ಸ್ ಆಸುಪಾಸು. ಪ್ರೈಮರಿಯ ಟ್ಯಾಪನ್ನು (ಸುರುಳಿಗೆ ತಂತಿ ಕಚ್ಚಿಸುವ ಜಾಗ) ಎಂಟೂವರೆ ಸುತ್ತಿಗೆ ಹಾಕಿ ಅದನ್ನೂ ಅಲ್ಲಿಗೇ ತಂದೆ; ಎರಡರ ಆವರ್ತನ ಹೊಂದಿದರೇ ಕಿಡಿ ಉದ್ದ ಬರುವುದು, ಅದೇ ಟ್ಯೂನಿಂಗ್. ಮತ್ತೆ ಎಂತ ಬೇಕು, ಅಲ್ವಾ?

ಮೊದಲ ಸಂಶಯ ಅರ್ಥಿಂಗ್ ಮೇಲೆ. ಸೆಕೆಂಡರಿಯ ಬುಡದಿಂದ ಪ್ರೈಮರಿಗೆ ಸಣ್ಣ ಸಣ್ಣ ಕಿಡಿ ಹಾರುತ್ತಿತ್ತು. ಮನೆಯ ಅರ್ಥ್ ತಂತಿಗೆ ಇದನ್ನು ಕೊಡುವ ಹಾಗಿಲ್ಲ, ಟಿವಿ ಫ್ರಿಜ್ಜು ಎಲ್ಲಾ ಹೋದೀತು. ಅಂಗಳದಲ್ಲೇ ಬೇರೆ ರಾಡು ಇಳಿಸಿದ್ದೆ. ಆದರೆ ನಮ್ಮ ಅಂಗಳ ಅಂದರೆ ಮುರಕಲ್ಲು, ಏಪ್ರಿಲಿನಲ್ಲಿ ಒಂದು ಹನಿ ಪಸೆ ಇಲ್ಲ. ರಾಡು ಕಿತ್ತು ಅಡಿಕೆ ತೋಟದ ಕಣಿಯ ಒದ್ದೆ ಮಣ್ಣಿಗೆ ಹೊಡೆದೆ. ಬುಡದ ಕಿಡಿ ನಿಂತಿತು. ತುದಿಯದ್ದು ಎರಡು ಬೆರಳು ಜಾಸ್ತಿಯಾಯಿತು, ಅಷ್ಟೇ.

ಉಳಿದದ್ದು ಟ್ಯೂನಿಂಗ್. ನಾನು ಅಳೆದದ್ದು ಕಿಡಿ ಇಲ್ಲದ ಕಾಯಿಲನ್ನು. ಕಿಡಿ ಹೊರಟ ಮೇಲೆ ಅದೂ ಕಾಯಿಲಿನ ಭಾಗವೇ. ಗಾಳಿಯಲ್ಲಿ ಚಾಚಿದ ಆ ನೇರಳೆ ಕವಲುಗಳಿಗೂ ಒಂದಿಷ್ಟು ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ) ಇದೆ. ಮೇಲಿನ ಟೊರಾಯ್ಡ್ (ಬಳೆಯಾಕಾರದ ಲೋಹದ ತಲೆ) ಸೇರಿ ಸೆಕೆಂಡರಿಯಲ್ಲಿ ಇರುವುದೇ ಹದಿನೆಂಟು ಪಿಕೋಫ್ಯಾರಡ್ ಅಂದಾಜು. ಅದಕ್ಕೆ ಎರಡು ಸೇರಿದರೂ ಆವರ್ತನ ನೂರಕ್ಕೆ ಐದರಷ್ಟು ಕೆಳಗಿಳಿಯುತ್ತದೆ. ಕಿಡಿ ಉದ್ದವಾದಷ್ಟೂ ಟ್ಯೂನಿಂಗ್ ತಪ್ಪುತ್ತದೆ, ತಪ್ಪಿದ ಕೂಡಲೇ ಕಿಡಿ ಬೆಳೆಯುವುದು ನಿಲ್ಲುತ್ತದೆ. ಹಾಗಾಗಿ ಪ್ರೈಮರಿಯನ್ನು ಬೇಕಂತಲೇ ಸ್ವಲ್ಪ ಕೆಳಗೆ ಇಡಬೇಕು.

ಸುತ್ತು ಹೆಚ್ಚಿದರೆ ಆವರ್ತನ ಇಳಿಯುತ್ತದೆ, ಹಾಗಾಗಿ ಟ್ಯಾಪನ್ನು ಸ್ವಲ್ಪ ಸ್ವಲ್ಪವೇ ಹೊರಗೆ ಸರಿಸಿದೆ. ಪ್ರತಿ ಸಲವೂ ಸ್ವಿಚ್ ಆಫ್, ಪ್ಲಗ್ ಹೊರಗೆ, ಉದ್ದದ ಕೋಲಿಗೆ ಕಟ್ಟಿದ ತಂತಿಯಿಂದ ಕೆಪಾಸಿಟರ್ ಡಿಸ್ಚಾರ್ಜ್. ಇದರಲ್ಲಿ ಅವಸರ ಮಾಡಿದರೆ ಜೀವ ಹೋಗುತ್ತದೆ, ಸುಮ್ನೆ ಹೇಳುವುದಲ್ಲ. ಒಂಬತ್ತನೇ ಸುತ್ತಿನ ಹತ್ತಿರ ಕಿಡಿ ಮೊಳ ದಾಟಿತು. ಒಳಗಿನಿಂದ ಅಪ್ಪನ ಕೂಗು: "ಎಂತ ಮಾರಾಯ, ಮಂಗಳೂರು ಆಕಾಶವಾಣಿ ಪೂರಾ ಗೊರಗೊರ!"

ಅದರಾಚೆ ಸರಿಸಿದರೆ ಮತ್ತೆ ಗಿಡ್ಡ. ಒಂಬತ್ತಕ್ಕೇ ಬಿಟ್ಟೆ. ಆಗ ಸೆಕೆಂಡರಿಯ ಮೈಮೇಲೆಯೇ ಕಿಡಿ ಓಡಲು ಶುರು, ಕಪ್ಲಿಂಗ್ (ಎರಡು ಸುರುಳಿಗಳ ನಡುವಿನ ಹಿಡಿತ) ಜಾಸ್ತಿ ಆದ ಲಕ್ಷಣ. ಬುಡಕ್ಕೆ ಮರದ ತುಂಡು ಕೊಟ್ಟು ಸೆಕೆಂಡರಿ ಎತ್ತರಿಸಿದ ಮೇಲೆ ಅದೂ ಹೋಯಿತು.

ದೊಡ್ಡ ಟೊರಾಯ್ಡ್ ಕೂರಿಸುವ ಆಸೆ ಇದೆ. ಕೂರಿಸಿದರೆ ಆವರ್ತನ ಇನ್ನೂ ಇಳಿಯುತ್ತದೆ, ಟ್ಯಾಪ್ ಇನ್ನೂ ಹೊರಗೆ ಹೋಗಬೇಕು. ನನ್ನ ಪ್ರೈಮರಿಯಲ್ಲಿ ಇರುವುದು ಹತ್ತೇ ಸುತ್ತು.